ಮಾವನ ಹೊಲದಲ್ಲಿ ಜೈಂಟ್ ವೀಲು

ನಮ್ಮ ಸೋದರಮಾವನಷ್ಟು ಸ್ಥಿತಿವಂತರು ನಮ್ಮ ಬಂಧುಬಳಗದಲ್ಲಿ ಇನ್ನೊಬ್ಬರಿಲ್ಲ. ಅವರ ಜೊತೆ ಬೇಸಿಗೆ ಮೇಳಕ್ಕೆ ಹೋದ ಮಕ್ಕಳಷ್ಟು ದಿಕ್ಕಿಲ್ಲದವರು ಇಡೀ ಬೆಂಗಳೂರಿನಲ್ಲಿ ಇನ್ನೊಬ್ಬರಿಲ್ಲ. ಈ ಎರಡು ಮಾತೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಎನ್ನುತ್ತೀರಾ? ನನ್ನ ಮಕ್ಕಳನ್ನು ಕೇಳಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಾರೆ.

ಚಿಕ್ಕಜಾಲದ ಈಚೆಗೆ, ಏರ್‌ಪೋರ್ಟ್ ರಸ್ತೆಗೆ ಅಂಟಿಕೊಂಡಂತೆ ನಮ್ಮ ತಾತನ ಹೊಲವಿತ್ತು. ರಾಗಿ, ಅವರೆ ಬೆಳೆಯುತ್ತಿದ್ದ ಆ ಮಣ್ಣಿಗೆ ರಸ್ತೆ ಅಗಲವಾದ ಮೇಲೆ ಬಂಗಾರದ ಬೆಲೆ ಬಂತು. ಮಾವ ಮಾರಿದರು. ಕೆಂಪಾಪುರದಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿ, ಮೇಲಿನ ಮೂರು ಅಂತಸ್ತನ್ನು ಕೆಲಸಕ್ಕೆ ಹೋಗುವ ಹುಡುಗರ ಪಿ.ಜಿ. ಮಾಡಿ, ನೆಲಮಹಡಿಯಲ್ಲಿ ಅತ್ತೆಯ ಜೊತೆ ತಾವಿದ್ದಾರೆ. ಕಟ್ಟಡಕ್ಕೆ ಲಿಫ್ಟಿದೆ. ಆದರೆ ಅದರಲ್ಲಿ ಒಬ್ಬರೇ ಹತ್ತುವಂತಿಲ್ಲ, ಮೂವರು ಸೇರುವವರೆಗೆ ಕಾಯಬೇಕು. "ಒಬ್ಬಂಗೂ ಅದೇ ಕರೆಂಟು, ಮೂರ್ ಜನಕ್ಕೂ ಅದೇ ಕರೆಂಟು," ಎಂಬುದು ಮಾವನ ಕಾನೂನು. ಪಿ.ಜಿ. ಹುಡುಗರು ಲಿಫ್ಟಿನ ಬಾಗಿಲಲ್ಲಿ ನಿಂತು ಶೇರ್ ಆಟೋದವರ ಹಾಗೆ "ಇನ್ನೊಬ್ರು, ಇನ್ನೊಬ್ರು" ಎಂದು ಕೂಗುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಹೊಲ ಕೊಂಡವರು ಅಲ್ಲಿ ಇದುವರೆಗೆ ಏನೂ ಕಟ್ಟಿಲ್ಲ. ಸುತ್ತ ಕಾಂಪೌಂಡು ಹಾಕಿ, ಪ್ರತಿ ಬೇಸಿಗೆಯಲ್ಲಿ ಮೇಳದವರಿಗೆ ಬಾಡಿಗೆಗೆ ಬಿಡುತ್ತಾರೆ. ನನ್ನಮ್ಮ, ಅಂದರೆ ಮಾವನ ಒಬ್ಬಳೇ ಅಕ್ಕ, ತೀರಿಕೊಂಡ ಮರುವರ್ಷ ಮಾವ ಫೋನು ಮಾಡಿ, "ಅಕ್ಕನ ಮೊಮ್ಮಕ್ಕಳನ್ನ ಮೇಳಕ್ಕೆ ಕರ್ಕೊಂಡ್ ಓಗ್ತೀನಿ. ಇನ್ಮ್ಯಾಕೆ ವರ್ಸ ವರ್ಸ ಅದು ನನ್ ಜವಾಬ್ದಾರಿ," ಎಂದರು. ನಾನು ಗದ್ಗದಿತಳಾದೆ. ಆಮೇಲೆ ಗೊತ್ತಾಯಿತು, ಗದ್ಗದಿತಳಾಗುವುದಕ್ಕೆ ನಾನು ಸ್ವಲ್ಪ ಆತುರಪಟ್ಟಿದ್ದೆ.

ವಿದ್ಯಾರಣ್ಯಪುರದ ನಮ್ಮ ಮನೆಯಿಂದ ಕಾರು ತರುತ್ತೇನೆ ಎಂದಿದ್ದೆ. ಮಾವ ಒಪ್ಪಲಿಲ್ಲ.

"ಪಾರ್ಕಿಂಗಿಗೆ ದುಡ್ಡು ಕೇಳ್ತಾರೆ ಕಣವ್ವ. ಓಡೋ ಗಾಡಿಗೆ ಪೆಟ್ರೋಲ್ ಆಕದು ಸರಿ. ಸುಮ್ನೆ ನಿಂತಿರೋ ಗಾಡಿಗೂ ಕೊಡದಾ?"

"ಹಾಗಾದ್ರೆ ಮಕ್ಕಳನ್ನ ನಿಮ್ಮನೇಲಿ ಬಿಟ್ಟು ಹೋಗ್ತೀನಿ ಮಾವ. ನನಗೆ ಮನೇಲಿ ಕೆಲಸ ಇದೆ."

"ನೀನೂ ಬಾ. ಎಂಗಸ್ರಿಗೆ ಬಸ್ಸು ಫ್ರೀ ಐತಲ್ಲ. ಬಂದ್ರೂ ಖರ್ಚಿಲ್ಲ."

ಹೀಗೆ ನಾನು ಆ ತಂಡ ಸೇರಿದೆ. ಪ್ರೀತಿಗಲ್ಲ, ಖರ್ಚಿಲ್ಲವೆಂದು. ತಂಡದಲ್ಲಿ ನನ್ನ ಮಗ ಪ್ರಣವ್, ಮಗಳು ಋತು, ಮಾವನ ಮೊಮ್ಮಗ ಕುಶಾಲ್. ಹುಡುಗರಿಬ್ಬರಿಗೆ ಈಗ ಹತ್ತರ ಆಸುಪಾಸು, ಋತುವಿಗೆ ಆರು. ನನ್ನ ಗಂಡ ಮೊದಲ ವರ್ಷವೇ ಪರಿಸ್ಥಿತಿ ಅರ್ಥ ಮಾಡಿಕೊಂಡು, ಮೇಳದ ದಿನ ಆಫೀಸಿನಲ್ಲಿ ತುರ್ತು ಕೆಲಸ ಹುಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದಾರೆ. ಭಾನುವಾರವಾದರೂ ಹುಟ್ಟುತ್ತದೆ.

ಮೇಳಕ್ಕೆ ಹೊರಡುವ ಮುನ್ನ ಮಾವನ ಮನೆಯಲ್ಲಿ ಊಟ ಕಡ್ಡಾಯ. ಮುದ್ದೆ, ಬಸ್ಸಾರು. ದೊಡ್ಡವರಿಗೆ ಒಂದು ಮುದ್ದೆ, ಮಕ್ಕಳಿಗೆ ಎರಡು. ತಲೆಕೆಳಗಾಯಿತಲ್ಲ ಎಂದು ಕೇಳಬೇಡಿ, ಮೇಳದಲ್ಲಿ ತಿಂಡಿ ಕೇಳುವವರು ಮಕ್ಕಳೇ ತಾನೇ? "ಮುದ್ದೆ ಉಂಡ ಒಟ್ಟೆ ಗೋಬಿ ಮಂಚೂರಿ ಕಡೆ ತಿರುಗೂ ನೋಡಕಿಲ್ಲ," ಎಂದು ಮಾವ ತಾವೇ ಕೂತು ಬಡಿಸುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ತಲಾ ಎರಡು ಮುದ್ದೆ ಹೊತ್ತುಕೊಂಡು ಮೂರು ಮಕ್ಕಳು ಹೆಬ್ಬಾಳದ ಬಸ್ ಸ್ಟಾಪಿಗೆ ನಡೆಯುವುದನ್ನು ನೋಡಿದರೆ, ಯಾವುದೋ ಮದುವೆ ಊಟ ಮುಗಿಸಿ ಬಂದ ಹಿರಿಯರು ಎನ್ನಬೇಕು.

ಇಷ್ಟಾದರೂ ಮಾವ ಮಕ್ಕಳ ಹೊಟ್ಟೆಯನ್ನು ಪೂರ್ತಿ ನಂಬುವುದಿಲ್ಲ. ಕೈಯಲ್ಲೊಂದು ದೊಡ್ಡ ಚೀಲ ಇರುತ್ತದೆ. ಅದರಲ್ಲಿ ಕಡಲೆಪುರಿ, ಸೀಳಿದ ಸೌತೆಕಾಯಿ, ಉಪ್ಪುಖಾರದ ಪೊಟ್ಟಣ, ಐದು ಬಾಟಲಿ ನೀರು. ನಾಲ್ಕು ಬಾಟಲಿ ನಮಗೆ. ಐದನೆಯದನ್ನು ಯಾರೂ ಮುಟ್ಟುವಂತಿಲ್ಲ. ಒಮ್ಮೆ ಪ್ರಣವ್ ಬಾಯಾರಿಕೆ ತಾಳಲಾರದೆ ಅದರ ಮುಚ್ಚಳ ತಿರುಗಿಸಿದ್ದಕ್ಕೆ ಮಾವ ಅದನ್ನು ಕಿತ್ತುಕೊಂಡು ಚೀಲದ ತಳಕ್ಕೆ ತುರುಕಿದ್ದರು. ಕುಡಿಯುವ ನೀರಿನಲ್ಲೂ ಉಳಿತಾಯ ಮಾಡುವ ಮನುಷ್ಯನಿಗೆ ಏನು ಹೇಳುತ್ತೀರಿ! ಸಂಜೆ "ಕಾಲ್ ತೊಳ್ಕಂಡ್ ಬತ್ತೀನಿ" ಎಂದು ಆ ಬಾಟಲಿ ಹಿಡಿದು ಹೋಗಿ, ಖಾಲಿ ಮಾಡಿಕೊಂಡು ಬರುತ್ತಿದ್ದರು. ಮಕ್ಕಳ ನಾಲಿಗೆಗಿಂತ ಇವರ ಕಾಲಿಗೆ ಹೆಚ್ಚು ಮರ್ಯಾದೆಯೇ ಎಂದು ನಾನು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ಮೊದಲ ವರ್ಷ ಗೇಟಿನಲ್ಲಿ ಟಿಕೆಟ್ಟಿನ ಸಾಲು ಕಂಡ ಕೂಡಲೇ ಮಾವ ನಿಂತುಬಿಟ್ಟರು.

"ನಮ್ಮೊಲಕ್ಕೆ ನಾನೇ ಟಿಕೀಟ್ ತಗಂಡ್ ಓಗ್ಬೇಕಾ?"

"ಮಾರಿ ಎಷ್ಟೋ ವರ್ಷ ಆಯ್ತಲ್ಲ ಮಾವ."

"ಮಾರಿರಾದು ಒಲ ಕಣವ್ವ. ಕಾಲ್ದಾರಿ ಮಾರಿಲ್ಲ," ಎಂದವರೇ ಕಾಂಪೌಂಡು ಸುತ್ತಿಕೊಂಡು ಹಿಂದಕ್ಕೆ ಹೊರಟರು. ಅಲ್ಲೊಂದು ಕಾಲುವೆ, ಕಾಲುವೆಯ ಪಕ್ಕದಲ್ಲಿ ತಗಡು ಸರಿದ ಒಂದು ಸಂದಿ. ಮಕ್ಕಳಿಗೋ ಪರಮಾನಂದ. ನಾನು ಬೇಡ ಬೇಡ ಎನ್ನುತ್ತಲೇ ಸೀರೆ ಎತ್ತಿಕಟ್ಟಿ ನುಸುಳಿದೆ. ಒಳಗೆ ಕತ್ತಲು, ಗುಡುಗಿನಂಥ ಸದ್ದು, ಎದುರಿಗೆ ಎರಡು ಕಂಬ. ಆ ಕಂಬಗಳ ನಡುವಿನಿಂದ ಕುಶಾಲ್ ಹೊರಗೆ ಬಿದ್ದ, ಅವನ ಹಿಂದೆ ಪ್ರಣವ್, ಆಮೇಲೆ ಋತುವನ್ನು ಕಂಕುಳಲ್ಲಿಟ್ಟುಕೊಂಡ ನಾನು, ಕೊನೆಗೆ ಪಂಚೆ ಎತ್ತಿಕಟ್ಟಿ ತಲೆಯ ಮೇಲೆ ಚೀಲ ಹೊತ್ತ ಮಾವ. ಎದುರಿಗೆ ಹಗ್ಗದ ಆಚೆ ನೂರಾರು ಜನ! ಅವು ಕಂಬಗಳಲ್ಲ, ಡೈನೋಸಾರಿನ ಕಾಲು. ರಬ್ಬರಿನ ಆ ಪ್ರಾಣಿ ನಮ್ಮ ತಲೆಯ ಮೇಲೆ ಕತ್ತು ತಿರುಗಿಸಿ ಘರ್ಜಿಸುತ್ತಿತ್ತು. ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಮಾವನನ್ನು ತೋರಿಸಿ, "ಅಪ್ಪಾ, ಆದಿಮಾನವ ಬಂದ ನೋಡು," ಎಂದ. ಜನ ಚಪ್ಪಾಳೆ ತಟ್ಟಿದರು, ಫೋನು ಎತ್ತಿ ಹಿಡಿದರು. ಮಾವ ಚೀಲ ಕೆಳಗಿಟ್ಟು, ಸಭೆಗೆ ಕೈ ಮುಗಿದರು.

ಸೆಕ್ಯುರಿಟಿಯವನು ಬಂದು ಎಲ್ಲರ ಟಿಕೆಟ್ಟಿನ ದುಡ್ಡು ವಸೂಲು ಮಾಡಿದ. ಚೀಲ ಬಿಚ್ಚಿಸಿ, "ಹೊರಗಿನ ತಿಂಡಿ ಒಳಗೆ ತರಂಗಿಲ್ಲ ಯಜಮಾನ್ರೇ," ಎಂದ.

"ನಾನ್ ಯಾವ ಒರಗ್ನೋನಪ್ಪ? ಈ ಮಣ್ಣಾಗೆ ಬೆಳೆದೋನು ನಾನು. ನೀನ್ ಯಾವೂರು?"

ಅವನು ರಾಯಚೂರಿನ ಕಡೆಯವನು. ಬೆವರು ಒರೆಸಿಕೊಳ್ಳುತ್ತಾ ಚೀಲ ವಾಪಸು ಕೊಟ್ಟ. ಮಾವ ಅವನ ಕೈಗೂ ಒಂದು ಸೀಳು ಸೌತೆಕಾಯಿ ಇಟ್ಟರು. ಮರುವರ್ಷದಿಂದ ನಾನು ಮೊದಲೇ ಟಿಕೆಟ್ಟು ಕೊಂಡಿಟ್ಟುಕೊಂಡು, "ಜಮೀನು ಕೊಟ್ಟವರ ಮನೆಯವರಿಗೆ ಪಾಸಂತೆ ಮಾವ," ಎಂದು ಸುಳ್ಳು ಹೇಳುತ್ತೇನೆ. ಮಾವ ಆ ಪಾಸು ತೋರಿಸಿಕೊಂಡು ಗೇಟಿನಲ್ಲಿ ಎದೆಯುಬ್ಬಿಸಿ ನಡೆಯುವುದನ್ನು ನೋಡುವುದಕ್ಕೆ ಎಷ್ಟು ಕೊಟ್ಟರೂ ದಂಡವಲ್ಲ.

ಒಳಗೆ ಹೋದ ಮೇಲೆ ಮಾವನ ಸಿದ್ಧಾಂತ ಒಂದೇ, ನೋಡುವುದಕ್ಕೆ ದುಡ್ಡಿಲ್ಲ. ಉಪ್ಪಿನಕಾಯಿ ಅಂಗಡಿಯಲ್ಲಿ ರುಚಿ ನೋಡಲು ಕೊಡುವುದನ್ನು ಎಲ್ಲರೂ ನೋಡಬೇಕು. ತರಕಾರಿ ಹೆಚ್ಚುವ ಯಂತ್ರ ತೋರಿಸುವವನ ಮುಂದೆ ನಿಂತು, ಅವನು ಹೆಚ್ಚಿದ ಕ್ಯಾರೆಟ್ಟು ತಿನ್ನಬೇಕು. ಎರಡನೆಯ ವರ್ಷ ಮಸಾಜು ಮಾಡುವ ಕುರ್ಚಿಯ ಅಂಗಡಿಯವನು "ಸರ್, ಒಂದ್ಸಲ ಕೂತು ನೋಡಿ, ಫ್ರೀ ಡೆಮೊ," ಎಂದು ಬಾಯಿತಪ್ಪಿ ಕರೆದ. ಮಾವ ಕೂತರು. ಕುರ್ಚಿ ಗುಂಯ್‌ಗುಟ್ಟಿತು. ಮಾವ ಕಣ್ಣು ಮುಚ್ಚಿದರು. ನಾವು ಮೇಳವನ್ನೆಲ್ಲ ಒಂದು ಸುತ್ತು ಹಾಕಿ ಬಂದರೂ ಗೊರಕೆ ನಿಂತಿರಲಿಲ್ಲ. ಅಂಗಡಿಯವನು ಭುಜ ಅಲುಗಿಸಿ, "ಸರ್, ಬುಕ್ ಮಾಡ್ಲಾ?" ಎಂದ.

"ಇನ್ನೊಂದ್ ದಪ ಬಿಡಪ್ಪ. ಸೊಂಟದ ತಾವ ಸರಿಯಾಗಿ ಗೊತ್ತಾಗ್ಲಿಲ್ಲ."

ಇನ್ನು ಹೊಲದ ದರ್ಶನ. ಬಜ್ಜಿ ಅಂಗಡಿ ಇರುವುದು ಹಿಂದೆ ರಾಗಿ ಬಡಿಯುತ್ತಿದ್ದ ಕಣದ ಮೇಲೆ. ಬಳೆ ಅಂಗಡಿಯ ಜಾಗದಲ್ಲಿ ನೇರಳೆ ಮರ. ಮಕ್ಕಳು ನೆಗೆಯುವ ಗಾಳಿಮನೆ ಇರುವಲ್ಲಿ ದನದ ಕೊಟ್ಟಿಗೆ. ಮಾವ ಹೆಜ್ಜೆ ಎಣಿಸಿ, ಕಾಲಲ್ಲಿ ನೆಲ ಒತ್ತಿ ಹೇಳುತ್ತಾರೆ. ಕುಶಾಲನಿಗೆ ಇದೆಲ್ಲ ಬಾಯಿಪಾಠ, ತಾತ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಅವನೇ ಹೇಳಿಬಿಡುತ್ತಾನೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಯಶವಂತಪುರದಿಂದ ಇಲ್ಲಿಗೇ ಬರುತ್ತಿದ್ದ ನನಗೆ ಒಂದು ಗುರುತೂ ಸಿಗುವುದಿಲ್ಲ. ಈಗಿಲ್ಲದ ನಮ್ಮಜ್ಜಿ ಸೇದಿ ಬೊಗಸೆಗೆ ಸುರಿಯುತ್ತಿದ್ದ ಬಾವಿಯ ನೀರಿನ ತಂಪು ಮಾತ್ರ ನೆನಪಿದೆ.

"ಮಾವ, ಬಾವಿ ಎಲ್ಲಿತ್ತು?" ಎಂದು ಪ್ರತಿ ವರ್ಷ ಕೇಳುತ್ತೇನೆ.

"ಅಲ್ಲೇ ಎಲ್ಲೋ," ಎಂದು ಮಾವ ಮುಂದಕ್ಕೆ ನಡೆಯುತ್ತಾರೆ. ದನ ಕಟ್ಟುವ ಗೂಟದ ಜಾಗ ಕೂಡ ಹೇಳುವವರಿಗೆ ಬಾವಿ ಮರೆತುಹೋಯಿತೇ? ವಯಸ್ಸಾಯಿತು ಪಾಪ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಕೊನೆಗೆ ಆಟ. ಒಬ್ಬೊಬ್ಬ ಮಗುವಿಗೆ ಒಂದೇ ಆಟ, ಯಾವುದು ಬೇಕಾದರೂ ಆರಿಸಿಕೊಳ್ಳಬಹುದು. ಪುಟಾಣಿ ರೈಲು, ದೋಣಿ, ಕುದುರೆ, ಡಿಕ್ಕಿ ಹೊಡೆಯುವ ಕಾರು. ಜೈಂಟ್ ವೀಲು ಮಾತ್ರ ಬೇಡ. ಒಂದು ವರ್ಷ "ಕರೆಂಟ್ ಓದ್ರೆ ಮ್ಯಾಲೇ ನೇತಾಡ್ಬೇಕು" ಎಂದರು. ಇನ್ನೊಂದು ವರ್ಷ "ಎಲ್ಡೆಲ್ಡ್ ಮುದ್ದೆ ಉಂಡಿದೀರ. ಅಲ್ಲೋಗಿ ಕಕ್ಕಿದ್ರೆ ಕೆಳಗೆ ನಿಂತೋರ ಗತಿ ಏನು?" ಎಂದರು. ಮುದ್ದೆ ತಿನ್ನಿಸಿದವರು ಯಾರು ಎಂದು ಕೇಳುವ ಧೈರ್ಯ ಯಾರಿಗಿದೆ? ಮೇಳದಲ್ಲಿ ಎಲ್ಲಕ್ಕಿಂತ ದುಬಾರಿ ಟಿಕೆಟ್ಟು ಜೈಂಟ್ ವೀಲಿನದು, ಹಾಗಾಗಿ ಕಾರಣ ನಮಗೆಲ್ಲ ಸ್ಪಷ್ಟವಾಗಿತ್ತು. ಸಾಲದ್ದಕ್ಕೆ ಪ್ರತಿ ವರ್ಷ ಮಾವ ಒಬ್ಬರೇ ಆ ವೀಲಿನವನ ಹತ್ತಿರ ಹೋಗಿ ಕೈ ಬೀಸಿ ಬೀಸಿ ವಾದ ಮಾಡುವುದು ದೂರದಿಂದ ಕಾಣುತ್ತಿತ್ತು. "ತಾತ ರೇಟು ಇಳಿಸ್ತಿದಾರೆ," ಎಂದು ಮಕ್ಕಳು ಆಸೆಯಿಂದ ನೋಡುತ್ತಿದ್ದವು. ಮಾವ ಮುಖ ಸಣ್ಣದು ಮಾಡಿಕೊಂಡು ವಾಪಸಾಗುತ್ತಿದ್ದರು. ರೇಟು ಇಳಿಯಲಿಲ್ಲ ಎಂದು ಎಲ್ಲರೂ ಕುದುರೆ ಹತ್ತುತ್ತಿದ್ದರು.

ಹೋದ ವರ್ಷ ಋತು ಹಟ ಹಿಡಿದಳು. ಮೇಲಿನಿಂದ ವಿಮಾನ ಇಳಿಯುವುದು ಕಾಣುತ್ತದೆಂದು ಅವಳ ಗೆಳತಿ ಹೇಳಿದ್ದಳಂತೆ. ಅದನ್ನು ನೋಡಲೇಬೇಕೆಂದು ಇಡೀ ವರ್ಷ ಕಾದಿದ್ದಳು. ಮಾವ ಬೇಡ ಎಂದರು. ಅವಳು ನೆಲದ ಮೇಲೆ ಕೂತು ಅತ್ತಳು. ನನಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ದುಡ್ಡು ಬೇಡ ಮಾವ, ನಾನೇ ಕೊಡ್ತೀನಿ," ಎಂದು ಪರ್ಸು ತೆಗೆದೆ.

ಮಾವ ನನ್ನ ಕೈ ಹಿಡಿದುಕೊಂಡರು. "ಬ್ಯಾಡ ಕಣವ್ವ. ನನ್ ಮಾತ್ ಕೇಳು."

"ಮೂರು ಅಂತಸ್ತಿನ ಬಾಡಿಗೆ ಬರುತ್ತೆ ನಿಮಗೆ. ಒಂದು ಮಗೂನ ಆಸೆಗಿಂತ ಆ ಟಿಕೆಟ್ಟು ದೊಡ್ಡದಾಯ್ತಾ? ಅಮ್ಮ ಇದ್ದಿದ್ರೆ ನಿಮ್ಮನ್ನ ನೋಡಿ ನಾಚಿಕೋತಿದ್ಲು."

ಮಾವ ಹಿಡಿದ ಕೈಯನ್ನು ಬಿಡಲಿಲ್ಲ, ಗೇಟು ದಾಟುವವರೆಗೂ. ಬಸ್ಸಿನಲ್ಲಿ ಯಾರೂ ಕಡಲೆಪುರಿ ಕೇಳಲಿಲ್ಲ. ಆಮೇಲೆ ಹಬ್ಬ ಹರಿದಿನಗಳಲ್ಲಿ ಎದುರಾದಾಗಲೂ ನಾನು ಅವರೊಂದಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆ. ನನ್ನ ನಾಲಿಗೆ ಉದ್ದ, ಸಿಟ್ಟು ಅದಕ್ಕಿಂತ ಉದ್ದ.

ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಏಪ್ರಿಲ್ ಬರುತ್ತಲೇ ಫೋನು ಬಂತು. "ಭಾನುವಾರ ಬಂದ್ಬುಡಿ. ಋತೂಗೆ ಹೇಳು, ಈ ದಪ ಜೈಂಟ್ ವೀಲು."

ನಂಬುತ್ತೀರಾ? ನಾನಂತೂ ನಂಬಲಿಲ್ಲ. ಆದರೆ ಅದೇ ಮುದ್ದೆ, ಅದೇ ಬಸ್ಸು, ಅದೇ ಪಾಸು ಎಲ್ಲ ಮುಗಿದ ಮೇಲೆ ಮಾವ ಉಪ್ಪಿನಕಾಯಿ ಅಂಗಡಿಯತ್ತ ತಿರುಗಿ ಕೂಡ ನೋಡದೆ ನೇರ ಜೈಂಟ್ ವೀಲಿನ ಕಡೆ ನಡೆದರು. ಅದು ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದಲ್ಲಿರಲಿಲ್ಲ, ಅಲ್ಲಿಂದ ಐವತ್ತು ಹೆಜ್ಜೆ ಈಚೆಗಿತ್ತು. ಹಳೆಯ ಜಾಗದಲ್ಲಿ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಮಾವ ಟಿಕೆಟ್ಟಿನ ಕಿಟಕಿಗೆ ಕೈ ಹಾಕಿ, "ಐದು ಕೊಡಪ್ಪ," ಎಂದರು. ಚೌಕಾಸಿಯಿಲ್ಲ. ಲೊಚಗುಟ್ಟಿದ್ದಿಲ್ಲ. ಮಕ್ಕಳ ಟಿಕೆಟ್ಟು ಅರ್ಧ ಮಾಡು ಎಂದದ್ದಿಲ್ಲ. ಮಾವನಿಗೆ ಮೈ ಹುಷಾರಿಲ್ಲವೇನೋ ಎಂದು ನನಗೆ ದಿಗಿಲಾಯಿತು.

ವೀಲಿನವನು ಮಾವನಿಗೆ ನಮಸ್ಕಾರ ಹೊಡೆದು, ನನ್ನನ್ನು ಪಕ್ಕಕ್ಕೆ ಕರೆದ.

"ಈ ಯಜಮಾನ್ರು ಭಾರಿ ಮನುಷ್ಯ ಅಮ್ಮ. ಪ್ರತಿ ವರ್ಷ ಬಂದು, ಇಲ್ಲಿ ನೆಲ ಮೆತ್ತಗಿದೆ, ವೀಲು ಆ ಕಡೆ ಹಾಕ್ರೋ ಅಂತ ಜಗಳ ಮಾಡೋರು. ನಾವು ಕೇಳ್ತಿರ್ಲಿಲ್ಲ. ಒಂದು ಕಾಲಿಗೆ ಮಾತ್ರ ಯಾವಾಗ್ಲೂ ಹಲಗೆ ಕೊಡಬೇಕಾಗ್ತಿತ್ತು, ಅದೂ ನಿಜ. ಈ ವರ್ಷ ನಾವು ಸಾಮಾನು ಇಳಿಸೋಕೆ ಮುಂಚೆನೇ ಒಂದು ಜೆಸಿಬಿ ಬಾಡಿಗೆಗೆ ತಂದು ನಿಂತಿದ್ರು. ಮೇಳದ ಓನರ್ ಎದುರಿಗೆ ಆ ಹಳೇ ಜಾಗ ಅಗೆಸಿ ತೋರಿಸಿದ್ರು. ಒಳಗೆ ಬರೀ ಕಲ್ಲು, ಹೆಂಚು, ಪೊಳ್ಳು ಮಣ್ಣು. ಹಳೇ ಬಾವಿ ಅಮ್ಮ ಅದು. ಆಮೇಲೆ ನಾವು ಇಲ್ಲಿ ಫಿಟ್ ಮಾಡೋವರೆಗೂ ನಾಲ್ಕು ದಿನ ಇಲ್ಲೇ ಕೂತಿದ್ರು."

ಜೆಸಿಬಿ. ಬಾಡಿಗೆಗೆ. ಲಿಫ್ಟಿಗೆ ಮೂವರು ಸೇರುವವರೆಗೆ ಕಾಯಿಸುವ ನಮ್ಮ ಮಾವ.

ತೊಟ್ಟಿಲಲ್ಲಿ ನಾವು ಐದು ಜನ ಕೂತೆವು. ಮೊದಲ ಸುತ್ತು ಪೂರ್ತಿ ಮಾವ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಎರಡನೆಯ ಸುತ್ತಿನಲ್ಲಿ, ಕೆಳಗೆ ಜನ ಹತ್ತುವುದಕ್ಕೆಂದು ವೀಲು ನಿಂತಾಗ ನಾವು ತುತ್ತತುದಿಯಲ್ಲಿದ್ದೆವು. ಇಳಿಬಿಸಿಲಿನಲ್ಲಿ ಒಂದು ವಿಮಾನ ತಗ್ಗಿ ಬರುತ್ತಿತ್ತು. ಋತು ಚಪ್ಪಾಳೆ ತಟ್ಟಿದಳು, ಹುಡುಗರಿಬ್ಬರು ಅತ್ತ ತಿರುಗಿದರು. ಮಾವ ಕಣ್ಣು ಬಿಟ್ಟು, ವಿಮಾನ ನೋಡದೆ ಕೆಳಗೆ ಹಗ್ಗ ಕಟ್ಟಿದ ಜಾಗ ನೋಡಿದರು.

"ಮೊದಲೇ ಯಾಕೆ ಹೇಳ್ಲಿಲ್ಲ ಮಾವ?" ಎಂದೆ.

"ಎಂಗ್ ಬಾಯ್ ಬಿಡ್ಲಿ? ಒಲ ಮಾರುವಾಗ ನಿಮ್ಮಮ್ಮ ಒಂದೇ ಮಾತು ಅಂದಿದ್ಲು. 'ಎಲ್ಲಾ ಕೊಟ್ಬುಡು, ಅಮ್ಮ ನೀರು ಸೇದಿದ ಬಾವಿ ಮಾತ್ರ ಮುಚ್ಚಬ್ಯಾಡ, ನೀರಿರೋ ಬಾವಿ ಮುಚ್ಚಬಾರದು' ಅಂತ. ಆಗ್ಲಿ ಅಂದಿದ್ದೆ. ಕೊಳ್ಳೋರು ನೆಲ ಸಮ ಮಾಡಿಕೊಟ್ರೇನೇ ತಗಳ್ಳಾದು ಅಂದ್ರು. ಅಳೇ ಮನೆ ಕೆಡವಿದ ಕಲ್ಲು ಮಣ್ಣ ನಾನೇ ನಿಂತು ತುಂಬ್ಸಿದೆ. ಆಸ್ಪತ್ರೆನಾಗೆ ಮಲಗಿದಾಗ್ಲೂ ಕೇಳಿದ್ಲು ಕಣವ್ವ, 'ಬಾವಿ ಐತೇನೋ' ಅಂತ. 'ಐತೆ ಕಣಕ್ಕ' ಅಂದ್ಬುಟ್ಟೆ."

ವೀಲು ಮತ್ತೆ ತಿರುಗತೊಡಗಿತು. ನಾನು ಅವರ ಕೈ ಹಿಡಿದುಕೊಂಡೆ. ಹೋದ ವರ್ಷ ನನ್ನ ಕೈಯನ್ನು ಗೇಟಿನವರೆಗೆ ಬಿಡದಿದ್ದ ಕೈ ಅದು. ಕ್ಷಮಿಸಿ ಎನ್ನಬೇಕೆಂದುಕೊಂಡೆ. ಉದ್ದ ನಾಲಿಗೆ ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಇಳಿದ ಮೇಲೆ ಮಾವ ಚೀಲದ ತಳದಿಂದ ಐದನೆಯ ಬಾಟಲಿ ತೆಗೆದರು. "ಕಾಲ್ ತೊಳ್ಕಂಡ್ ಬತ್ತೀನಿ," ಎಂದು ಎಂದಿನಂತೆ ಹೊರಟವರ ಹಿಂದೆ ಈ ಸಲ ನಾನೂ ಹೋದೆ, ಮಕ್ಕಳೂ ಬಂದವು. ಮಾವ ಹಗ್ಗ ದಾಟಿ, ಚಪ್ಪಲಿ ಬಿಟ್ಟು, ಹೊಸದಾಗಿ ಅಗೆದು ಮುಚ್ಚಿದ ಮಣ್ಣಿನ ಮೇಲೆ ಬಗ್ಗಿ ಬಾಟಲಿಯ ನೀರನ್ನು ನಿಧಾನವಾಗಿ ಸುರಿದರು. ಪ್ರತಿ ವರ್ಷ ವೀಲಿನ ಕಾಲಬುಡದಲ್ಲಿ ಸುರಿಯುತ್ತಿದ್ದರಂತೆ, ವೀಲಿನವನ ಕೈಲಿ ಬೈಸಿಕೊಂಡು.

ನನ್ನ ಕೈಯಲ್ಲಿ ಮೇಳದಲ್ಲಿ ಕೊಂಡ ನೀರಿನ ಬಾಟಲಿ ಇತ್ತು. ಮಾವ ಬೇಡವೆಂದರೂ ಕೇಳದೆ, ತಣ್ಣಗಿದೆಯೆಂದು ಗೇಟಿನ ಹತ್ತಿರ ದುಪ್ಪಟ್ಟು ಬೆಲೆಗೆ ತೆಗೆದುಕೊಂಡಿದ್ದೆ. ಚಪ್ಪಲಿ ಬಿಟ್ಟು ನಾನೂ ಹಗ್ಗ ದಾಟಿ, ಅದರ ಮುಚ್ಚಳ ತೆಗೆದೆ.

ಮಾವ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು. ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡರು.

"ಉಯ್ಯವ್ವ," ಎಂದರು. "ಎಷ್ಟು ಕೊಟ್ಟೆ ಅಂತ ಮಾತ್ರ ನಿಮ್ಮಜ್ಜಿಗೆ ಹೇಳ್ಬ್ಯಾಡ."